ಯೋಹಾನ್ನೆಸ್ ಕೆರ್ಕೋರೆಲ್ ಬಗ್ಗೆ ಗೊತ್ತಿದ್ದವರು ಹೇಳ್ತೀರಾ? (ಆಫ್ರಿಕಾನ್ಸ್ ಹಾಡುಗಾರ)

ಕೇಪ್‌ಟೌನ್ ಡೈರಿ:

ಎಲ್ಲರಿಗೂ ನಮಸ್ಕಾರ. ಆಫೀಸ್ ಕೆಲಸದ ಮೇಲೆ ಕೇಪ್‌ಟೌನ್‌ಗೆ ಬಂದು ನಾಲ್ಕು ತಿಂಗಳಾಯಿತು. ದಿನಾ ನನ್ನನ್ನು ಕಾರಲ್ಲಿ ಕರೆದುಕೊಂಡು ಹೋಗುವ ಸಹೋದ್ಯೋಗಿಗೆ ಐವತ್ತೈದರ ಮೇಲಾಗಿದೆ, ಬಿಳಿಯರು, ಮನೆಮಾತು ಆಫ್ರಿಕಾನ್ಸ್. ದಾರಿಯುದ್ದಕ್ಕೂ ಮಾತಾಡುವ ಮನುಷ್ಯ. ಆದರೆ 'ಹಿಲ್‌ಬ್ರೋ' ಅನ್ನೋ ಒಂದು ಹಾಡು ಬಂದರೆ ಮಾತು ನಿಲ್ಲಿಸಿಬಿಡುತ್ತಾರೆ, ಹಾಡು ಮುಗಿಯೋವರೆಗೂ ಒಂದು ಮಾತಿಲ್ಲ. ಯಾರದು ಅಂತ ಕೇಳಿದ್ದಕ್ಕೆ ಯೋಹಾನ್ನೆಸ್ ಕೆರ್ಕೋರೆಲ್ ಅಂದರು. ಕಾಲೇಜಲ್ಲಿದ್ದಾಗ ಈ ಕ್ಯಾಸೆಟ್ಟನ್ನು ಅಪ್ಪನ ಕಣ್ಣಿಗೆ ಬೀಳದ ಹಾಗೆ ಬೂಟಿನ ಡಬ್ಬದಲ್ಲಿ ಇಡುತ್ತಿದ್ದೆ ಅಂತಲೂ ಹೇಳಿದರು.

ನನಗೆ ಅರ್ಥವಾಗದ್ದು ಇದೇ. ಆಫ್ರಿಕಾನ್ಸ್ ಅಂದರೆ ವರ್ಣಭೇದ ಸರ್ಕಾರದ ಭಾಷೆ ಅಂತಲೇ ನಾನು ಓದಿದ್ದು. 1976ರಲ್ಲಿ ಕಪ್ಪು ಜನರ ಬಡಾವಣೆ ಸೊವೆಟೊದ ಶಾಲೆಗಳ ಮೇಲೆ ಈ ಭಾಷೆಯನ್ನು ಹೇರಿದ್ದಕ್ಕೇ ಅಲ್ವಾ ಮಕ್ಕಳು ಬೀದಿಗೆ ಬಂದಿದ್ದು, ಗುಂಡೇಟು ತಿಂದಿದ್ದು? ಅದೇ ಭಾಷೆಯಲ್ಲಿ ಹಾಡಿದವನ ಕ್ಯಾಸೆಟ್ ಯಾಕೆ ಬಚ್ಚಿಡಬೇಕು? ಈತನ ಕಥೆ ಏನು, ಯಾವ ಆಲ್ಬಂನಿಂದ ಶುರು ಮಾಡಲಿ?

ಹಳೇ ಕ್ಯಾಸೆಟ್:

ಈ ಹೆಸರನ್ನು ಕನ್ನಡದಲ್ಲಿ ಬರೆದದ್ದು ನೋಡಿ ಎಷ್ಟು ಖುಷಿಯಾಯಿತು ಗೊತ್ತಾ!

ನಿಜವಾದ ಹೆಸರು ರಾಲ್ಫ್ ರಾಬಿ. 1960ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಹುಟ್ಟಿದ್ದು. ಮೊದಲು ಪತ್ರಕರ್ತ, ಅದೂ ಆಫ್ರಿಕಾನ್ಸ್ ಪತ್ರಿಕೆಗಳಲ್ಲಿ. ಜೊತೆಗೆ ವೇದಿಕೆ ಮೇಲೆ ಅಣಕು ಹಾಡು. ಅಧ್ಯಕ್ಷ ಪಿ.ಡಬ್ಲ್ಯೂ. ಬೋಥಾ ಭಾಷಣದ ತುಣುಕುಗಳನ್ನು ತನ್ನ ಸಂಗೀತದೊಳಗೆ ಸೇರಿಸಿದ್ದಕ್ಕೆ 1987ರಲ್ಲಿ ಕೆಲಸ ಹೋಯಿತು. ಆಮೇಲೆ ಹಾಡೇ ಕೆಲಸ.

ಹೆಸರು ಗಮನಿಸಿ. 'ಕೆರ್ಕೋರೆಲ್' ಅಂದರೆ ಚರ್ಚಿನ ಆರ್ಗನ್. ಬ್ಯಾಂಡಿನ ಹೆಸರು 'ಗೆರೆಫಾರ್ಮೀರ್ಡೆ ಬ್ಲೂಸ್ ಬ್ಯಾಂಡ್', ಅಲ್ಲಿನ ರಿಫಾರ್ಮ್ಡ್ ಚರ್ಚಿನ ಹೆಸರನ್ನೇ ಎತ್ತಿ ಕಪ್ಪು ಅಮೆರಿಕನ್ನರ ಬ್ಲೂಸ್ ಸಂಗೀತಕ್ಕೆ ಅಂಟಿಸಿದ್ದು. ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಮನೆಯಲ್ಲಿ ಈ ಹೆಸರು ಕೇಳಿದರೇ ಸಾಕಿತ್ತು. ಜೊತೆಗಾರರ ಹೆಸರುಗಳೂ ಹಾಗೇ. ಕೂಸ್ ಕೊಂಬೇಯ್ಸ್ ಅಂದರೆ ಅಡುಗೆಮನೆ ಕೂಸ್, ಯಾಕಂದರೆ ಆಫ್ರಿಕಾನ್ಸನ್ನು ಒಂದು ಕಾಲದಲ್ಲಿ 'ಅಡುಗೆಮನೆ ಭಾಷೆ' ಅಂತ ಹೀಯಾಳಿಸುತ್ತಿದ್ದರು. ಇನ್ನೊಬ್ಬ ಜೇಮ್ಸ್ ಫಿಲಿಪ್ಸ್, ಇಟ್ಟುಕೊಂಡ ಹೆಸರು ಬರ್ನೋಲ್ಡಸ್ ನೀಮಾಂಟ್. ನೀಮಾಂಟ್ ಅಂದರೆ 'ಯಾರೂ ಅಲ್ಲ'.

1989ರಲ್ಲಿ ಶಿಫ್ಟಿ ರೆಕಾರ್ಡ್ಸ್‌ನಿಂದ 'ಏಟ್ ಕ್ರೇಫ್' ಆಲ್ಬಂ ಬಂತು. ಅದೇ ವರ್ಷ ಇವರೆಲ್ಲ ಸೇರಿ ಊರೂರು ಸುತ್ತಿ ಕಾರ್ಯಕ್ರಮ ಕೊಟ್ಟರು, ಅದರ ಹೆಸರು 'ಫೂಅಲ್‌ಫ್ರೇ'. ಹಕ್ಕಿಯ ಹಾಗೆ ಸ್ವತಂತ್ರ ಅಂತಲೂ ಅರ್ಥ, ಕಾನೂನಿನ ರಕ್ಷಣೆ ಕಳೆದುಕೊಂಡವನು ಅಂತಲೂ ಅರ್ಥ. ಸ್ಟೆಲೆನ್‌ಬಾಷ್ ವಿಶ್ವವಿದ್ಯಾಲಯ ತನ್ನ ಕ್ಯಾಂಪಸ್ಸಿನಲ್ಲಿ ಹಾಡೋಕೆ ಬಿಡಲಿಲ್ಲ. ಸರ್ಕಾರಿ ರೇಡಿಯೋ ಹಾಡುಗಳನ್ನು ತಡೆಯಿತು. ಆಗ ಗ್ರಾಮಫೋನ್ ತಟ್ಟೆಯಲ್ಲಿ ಬೇಡವಾದ ಹಾಡಿನ ಮೇಲೆ ಚೂಪಾದ ವಸ್ತುವಿನಿಂದ ಗೀರು ಎಳೆದುಬಿಡುತ್ತಿದ್ದರಂತೆ, ಯಾರಾದರೂ ಹಾಕಿದರೂ ಸೂಜಿ ಜಾರಿ ಮುಂದೆ ಹೋಗಬೇಕು ಅಂತ.

ಆಲ್ಬಂನಲ್ಲಿ 'ಸಿಟ್ ಡಿಟ್ ಆಫ್' ಅಂತೊಂದಿದೆ, 'ಆರಿಸಿಬಿಡಿ' ಅಂತ ಅರ್ಥ. ಮನೆಗೆ ಬಂದು ಟಿವಿ ಹಾಕಿದರೆ ಬೋಥಾ ಮುಖ, ಆ ಮುಖ ನೋಡಲಾರೆ, ಆರಿಸಿ. ಅಷ್ಟೇ ಹಾಡು. ಅದನ್ನು ಇಂಗ್ಲಿಷಲ್ಲಿ ಹಾಡಿದ್ದರೆ 'ಹೊರಗಿನವರ ಮಾತು' ಅಂತ ತಳ್ಳಿಹಾಕಬಹುದಿತ್ತು. ಚರ್ಚಿನಲ್ಲಿ, ಊಟದ ಮೇಜಿನಲ್ಲಿ ಆಡುವ ಭಾಷೆಯಲ್ಲೇ ಮನೆ ಮಗ ಹೀಗೆ ಹಾಡಿದರೆ ಅಪ್ಪಂದಿರು ಎಲ್ಲಿಗೆ ಹೋಗಬೇಕು? ಬಿಳಿ ಹುಡುಗರಿಗೆಲ್ಲ ಎರಡು ವರ್ಷ ಸೈನ್ಯ ಕಡ್ಡಾಯವಾಗಿದ್ದ ಕಾಲ ಅದು. ನಿಮ್ಮ ಸಹೋದ್ಯೋಗಿ ಬೂಟಿನ ಡಬ್ಬದಲ್ಲಿ ಬಚ್ಚಿಟ್ಟದ್ದು ಇದಕ್ಕೇ.

ಆಂಟ್ವರ್ಪ್ ವಾಸಿ:

ಮೇಲಿನವರು 1989ರಲ್ಲೇ ನಿಲ್ಲಿಸಿಬಿಟ್ಟರು! ನನಗೆ ಈತ ಇಷ್ಟವಾದದ್ದು ಅದರ ನಂತರದ ಹಾಡುಗಳಿಂದ. ನಾನು ಬೆಲ್ಜಿಯಂನಲ್ಲಿ ಇರೋದು, ಕೆಲಸಕ್ಕೆ ಅಂತ ಡಚ್ ಕಲಿತೆ. ಡಚ್ ಬಂದರೆ ಆಫ್ರಿಕಾನ್ಸ್ ಮುಕ್ಕಾಲು ಭಾಗ ತಾನಾಗಿ ಅರ್ಥವಾಗುತ್ತೆ, ಪಕ್ಕದ ಜಿಲ್ಲೆಯವರ ಮಾತು ಕೇಳಿದ ಹಾಗೆ. ಹಾಗಾಗಿ ಇಲ್ಲೂ, ನೆದರ್ಲೆಂಡ್ಸ್‌ನಲ್ಲೂ ಈತನಿಗೆ ತುಂಬಾ ಅಭಿಮಾನಿಗಳಿದ್ದರು. ಡಚ್ ಹಾಡುಗಾರ ಸ್ಟೆಫ್ ಬಾಸ್ ಜೊತೆ ಸೇರಿಯೂ ಹಾಡಿದ್ದಾನೆ.

ಬೋಥಾ ಹೋದ, 1990ರ ಫೆಬ್ರವರಿಯಲ್ಲಿ ಮಂಡೇಲಾ ಹೊರಗೆ ಬಂದರು. ಬೈಯೋಕೆ ಎದುರಿಗೆ ಇದ್ದವನೇ ಇಲ್ಲ, ಈಗ ಏನು ಹಾಡೋದು? ಎಷ್ಟೋ ಜನ ಅಲ್ಲಿಗೆ ಮುಗಿದುಹೋಗುತ್ತಾರೆ. ಈತ ಬ್ಯಾಂಡ್ ಬಿಟ್ಟು ಒಬ್ಬನೇ ಹಾಡೋಕೆ ಶುರು ಮಾಡಿದ. 1992ರ 'ಬ್ಲೌಡ್ರುಕ್' ಕೇಳಿ. ಗಲಾಟೆ ಕಡಿಮೆ, ಪದ ಪದಕ್ಕೂ ಜಾಗ ಕೊಟ್ಟು ಹಾಡುತ್ತಾನೆ. ಸಾಲಿನ ಕೊನೆಗೆ ದನಿ ಇನ್ನೇನು ಒಡೆಯುತ್ತೆ ಅನ್ನುವಾಗ ಸ್ವಲ್ಪ ತಡೆದು ಹಿಡಿಯುತ್ತಾನಲ್ಲ, ಅಲ್ಲಿ ನನ್ನ ಕೈ ಕೆಲಸ ನಿಂತುಹೋಗುತ್ತೆ. 'ಹಲಾಲಾ ಆಫ್ರಿಕಾ'ದಲ್ಲಿ ಇಡೀ ಖಂಡವನ್ನು ತಬ್ಬಿಕೊಂಡ ಹಾಗೆ ಹಾಡುತ್ತಾನೆ.

ತಾನು ಸಲಿಂಗಿ ಅನ್ನೋದನ್ನು ಮುಚ್ಚಿಟ್ಟವನಲ್ಲ, ಅಂಥ ಕಟ್ಟುನಿಟ್ಟಿನ ಸಮಾಜದಲ್ಲಿ ಅದಕ್ಕೂ ಧೈರ್ಯ ಬೇಕು. ಕೊನೆ ಮಾತ್ರ ಹೇಳೋಕೆ ಕಷ್ಟ. 2000ದಲ್ಲಿ 'ಡೀ ಆಂಡರ್ ಕಾಂಟ್' ಬಂತು, 'ಆ ಕಡೆ' ಅಂತ ಅರ್ಥ. 2002ರ ನವೆಂಬರಿನಲ್ಲಿ, ಕ್ಲೈನ್‌ಮಾಂಡ್ ಎಂಬ ಕಡಲ ಊರಿನ ಹತ್ತಿರ ತಾನೇ ಜೀವ ತೆಗೆದುಕೊಂಡ. 42 ವರ್ಷ ಅಷ್ಟೇ.

ಜಿಲ್ಲೆ ಆರು:

ಕೆರ್ಕೋರೆಲ್ ನನಗೂ ಇಷ್ಟ. ಆದರೆ ಒಂದು ಮಾತು ಸೇರಿಸಲೇಬೇಕು. ಆಫ್ರಿಕಾನ್ಸ್ ಬಿಳಿಯರ ಭಾಷೆ ಅನ್ನೋದೇ ತಪ್ಪು. ಇದನ್ನು ಮನೆಮಾತಾಗಿ ಆಡುವವರಲ್ಲಿ ಬಿಳಿಯರಿಗಿಂತ ಅಲ್ಲಿ 'ಕಲರ್ಡ್' ಅನ್ನಿಸಿಕೊಂಡ ಮಿಶ್ರ ಮೂಲದವರೇ ಜಾಸ್ತಿ. ಕೇಪ್‌ನ ಮುಸ್ಲಿಮರು 19ನೇ ಶತಮಾನದಲ್ಲೇ ಅದನ್ನು ಅರಬ್ಬೀ ಲಿಪಿಯಲ್ಲಿ ಬರೆದು ಮದರಸಾದಲ್ಲಿ ಪಾಠ ಹೇಳಿದ್ದರು. 'ಫೂಅಲ್‌ಫ್ರೇ' ಒಳ್ಳೆ ಕೆಲಸವೇ, ಆದರೆ ಕೇಳಲು ಬಂದವರಲ್ಲಿ ಹೆಚ್ಚಿನವರು ಬಿಳಿ ವಿದ್ಯಾರ್ಥಿಗಳು. ಅದೊಂದನ್ನೇ ಹಿಡಿದು ಇಡೀ ಕಥೆ ಹೇಳಬಾರದು.

ಅದಕ್ಕೇ ಡೇವಿಡ್ ಕ್ರೇಮರ್‌ನನ್ನು ಕೇಳಿ. 1951ರಲ್ಲಿ ವೂಸ್ಟರ್‌ನಲ್ಲಿ ಹುಟ್ಟಿದ, ಕೆಂಪು ಚರ್ಮದ ಶೂ ಹಾಕಿ ಇಂಗ್ಲಿಷ್, ಆಫ್ರಿಕಾನ್ಸ್ ಎರಡನ್ನೂ ಬೆರೆಸಿ ಹಾಡುವವನು. ಜನ ನಿಜವಾಗಿ ಮಾತಾಡೋದು ಹಾಗೇ ಅಲ್ವಾ? 1980ರ ಮೊದಲ ಆಲ್ಬಂ 'ಬಕ್‌ಖಾಟ್!' ರೇಡಿಯೋದಲ್ಲಿ ಬರಲಿಲ್ಲ. ಆಮೇಲೆ ತಾಲಿಪ್ ಪೀಟರ್ಸನ್ ಜೊತೆ ಸೇರಿ ಡಿಸ್ಟ್ರಿಕ್ಟ್ ಸಿಕ್ಸ್ ಬಗ್ಗೆ ಸಂಗೀತ ನಾಟಕ ಮಾಡಿದ. ಕೇಪ್‌ಟೌನ್ ನಡುವಿನ ಆ ಬಡಾವಣೆಯನ್ನು 1966ರಲ್ಲಿ ಬಿಳಿಯರಿಗೆ ಮಾತ್ರ ಅಂತ ಸಾರಿ ಸುಮಾರು 60,000 ಜನರನ್ನು ಎಬ್ಬಿಸಿದರು. ಪೀಟರ್ಸನ್ ಅಲ್ಲಿಯವನೇ. ಇಬ್ಬರೂ ಸೇರಿ ಮಾಡಿದ 'ಕ್ಯಾಟ್ ಆಂಡ್ ದಿ ಕಿಂಗ್ಸ್'ಗೆ 1999ರಲ್ಲಿ ಲಂಡನ್ನಿನ ಒಲಿವಿಯರ್ ಪ್ರಶಸ್ತಿ ಬಂತು.

ಇನ್ನೂ ಒಂದು. ಕ್ರೇಮರ್ ಕರೂ ಬಯಲಿನ ಹಳ್ಳಿಗಳನ್ನು ಸುತ್ತಿ ಗಿಟಾರ್ ನುಡಿಸುವ ಕೂಲಿಕಾರರನ್ನು ಹುಡುಕಿ ವೇದಿಕೆಗೆ ತಂದ. ಅದರಲ್ಲಿ ಹಾನ್ನೆಸ್ ಕೂಟ್ಸೀ ಅಂತ ಒಬ್ಬರು. ಬಾಯಲ್ಲಿ ಟೀ ಚಮಚ ಕಚ್ಚಿ, ಗಿಟಾರ್ ಮೇಲೆ ಬಗ್ಗಿ, ಚಮಚವನ್ನು ತಂತಿ ಮೇಲೆ ಜಾರಿಸುತ್ತಾ ನುಡಿಸುತ್ತಾರೆ. ಎರಡು ಕೈ ಬೇರೆ ಕೆಲಸ ಮಾಡುತ್ತಿರುತ್ತವೆ. ಆ ವಿಡಿಯೋ ಒಮ್ಮೆ ನೋಡಿ.

ಹಳೇ ಕ್ಯಾಸೆಟ್:

ಜಿಲ್ಲೆ ಆರು ಅವರ ಮಾತು ಒಪ್ಪಿದೆ, ನಾನೇ ಹೇಳಬೇಕಿತ್ತು. ಆದರೂ ಬಿಳಿ ಮನೆಗಳ ಒಳಗೆ ಆ ಜಗಳ ಆಗಲೇಬೇಕಿತ್ತು, ಅದನ್ನು ಹೊರಗಿನಿಂದ ಬೇರೆಯವರು ಮಾಡೋಕೆ ಆಗುತ್ತಿರಲಿಲ್ಲ. ಶುರು ಮಾಡೋದಕ್ಕೆ: ಮೊದಲು 'ಏಟ್ ಕ್ರೇಫ್', ಅದಾದ ತಕ್ಷಣ 'ಬ್ಲೌಡ್ರುಕ್'. ಎರಡೂ ಒಬ್ಬನದೇ ದನಿ ಅಂತ ನಂಬೋಕೆ ಸ್ವಲ್ಪ ಹೊತ್ತು ಬೇಕಾಗುತ್ತೆ.

ಕೇಪ್‌ಟೌನ್ ಡೈರಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಕಾರಲ್ಲಿ 'ಕೆರ್ಕೋರೆಲ್' ಅಂದರೆ ಚರ್ಚಿನ ಆರ್ಗನ್ ಅಲ್ವಾ ಅಂದೆ. ಸಹೋದ್ಯೋಗಿ ಒಂದು ಕ್ಷಣ ನನ್ನ ಮುಖ ನೋಡಿ, ತಾವು ಸ್ಟೆಲೆನ್‌ಬಾಷ್‌ನಲ್ಲೇ ಓದಿದ್ದು, ಕ್ಯಾಂಪಸ್ ಹೊರಗೆ ಹೋಗಿ ಆ ಕಾರ್ಯಕ್ರಮ ಕೇಳಿದೆ ಅಂದರು. ಅದರ ಕಥೆ ಆಫೀಸ್ ಬರೋವರೆಗೂ ನಡೆಯಿತು. ಕ್ಯಾಸೆಟ್ ಇನ್ನೂ ಇದೆಯಂತೆ, ಟೇಪ್ ಅಂಟಿಕೊಂಡಿದೆ, ಸೋಮವಾರ ತಂದು ತೋರಿಸುತ್ತಾರೆ. ಶನಿವಾರ ಡಿಸ್ಟ್ರಿಕ್ಟ್ ಸಿಕ್ಸ್ ಮ್ಯೂಸಿಯಂಗೆ ಹೋಗ್ತೀನಿ. ಆಂಟ್ವರ್ಪ್ ವಾಸಿಯವರೇ, 'ಹಿಲ್‌ಬ್ರೋ' ಹಾಡಿನ ಭಾವಾರ್ಥವನ್ನು ಬಿಡುವಾದಾಗ ಕನ್ನಡದಲ್ಲಿ ಬರೆದು ಹಾಕ್ತೀರಾ?