ಶೋಲೆ: ಐವತ್ತು ವರ್ಷಗಳ ನಂತರ ಮರಳಿ ಬಂದ ಮೂಲ ಅಂತ್ಯವನ್ನು ಹೇಗೆ ನೋಡಬೇಕು?

ಪ್ರಶ್ನೆ

1975ರ ಆಗಸ್ಟ್ 15ರಂದು ತೆರೆಕಂಡ ‘ಶೋಲೆ’ಯನ್ನು ನಮ್ಮಲ್ಲಿ ಹೆಚ್ಚಿನವರು ಒಂದೇ ಅಂತ್ಯದೊಂದಿಗೆ ಬಲ್ಲೆವು. ಎರಡೂ ತೋಳುಗಳನ್ನು ಕಳೆದುಕೊಂಡ ಠಾಕೂರ್ ಬಲದೇವ್ ಸಿಂಗ್, ತನ್ನ ಕಾಲಡಿಯಲ್ಲಿ ಸಿಕ್ಕಿಬಿದ್ದ ಡಕಾಯಿತ ಗಬ್ಬರ್ ಸಿಂಗನನ್ನು ಇನ್ನೇನು ಕೊಲ್ಲಬೇಕು ಎನ್ನುವಷ್ಟರಲ್ಲಿ ಪೊಲೀಸರು ಬರುತ್ತಾರೆ. ಶಿಕ್ಷೆ ವಿಧಿಸುವುದು ಕಾನೂನಿನ ಕೆಲಸ ಎಂದು ಮಾಜಿ ಪೊಲೀಸ್ ಅಧಿಕಾರಿಗೇ ನೆನಪಿಸುತ್ತಾರೆ. ಅವನು ಕಾಲನ್ನು ಹಿಂತೆಗೆದುಕೊಳ್ಳುತ್ತಾನೆ. ನಿರ್ದೇಶಕ ರಮೇಶ್ ಸಿಪ್ಪಿಯವರು ಮೊದಲು ಚಿತ್ರೀಕರಿಸಿದ್ದು ಇದನ್ನಲ್ಲ ಎಂಬುದೂ, ತುರ್ತು ಪರಿಸ್ಥಿತಿಯ ಆ ದಿನಗಳಲ್ಲಿ ಸೆನ್ಸಾರ್ ಮಂಡಳಿಯ ಒತ್ತಾಯಕ್ಕೆ ಮಣಿದು ಹೊಸ ಅಂತ್ಯವನ್ನು ಚಿತ್ರೀಕರಿಸಬೇಕಾಯಿತು ಎಂಬುದೂ ಸಿನಿಮಾಸಕ್ತರಿಗೆ ಬಹಳ ಕಾಲದಿಂದ ಗೊತ್ತಿರುವ ಸಂಗತಿ.

ಪುನರುಜ್ಜೀವನಗೊಳಿಸಿದ ಪ್ರತಿ 2025ರ ಜೂನ್‌ನಲ್ಲಿ ಇಟಲಿಯ ಬೊಲೋನ್ಯಾದ ಚಲನಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡು, ಅದೇ ವರ್ಷದ ಡಿಸೆಂಬರ್‌ನಲ್ಲಿ ‘ಫೈನಲ್ ಕಟ್’ ಎಂಬ ಹೆಸರಿನೊಂದಿಗೆ ಇಲ್ಲಿನ ಚಿತ್ರಮಂದಿರಗಳಿಗೂ ಬಂತು. ಠಾಕೂರನೇ ಗಬ್ಬರ್‌ನನ್ನು ಕೊಲ್ಲುವ ಮೂಲ ಅಂತ್ಯ ಅದರಲ್ಲಿ ಮರಳಿದೆ, ಕತ್ತರಿಗೆ ಸಿಕ್ಕಿದ್ದ ಬೇರೆ ದೃಶ್ಯಗಳೂ ಸೇರಿವೆ. ಅದನ್ನು ನೋಡಿದ ಮೇಲೆ ನನ್ನಲ್ಲಿ ಎರಡು ಪ್ರಶ್ನೆಗಳು ಉಳಿದಿವೆ. ಮೊದಲನೆಯದು, ಈ ಅಂತ್ಯ ಕಥೆಯ ದೃಷ್ಟಿಯಿಂದ ನಿಜಕ್ಕೂ ಹೆಚ್ಚು ಸಮರ್ಪಕವೇ, ಅಥವಾ ಬಹುಕಾಲ ನಿಷಿದ್ಧವಾಗಿತ್ತು ಎಂಬ ಕಾರಣಕ್ಕೆ ನಾವು ಅದಕ್ಕೆ ಇಲ್ಲದ ತೂಕವನ್ನು ಕೊಡುತ್ತಿದ್ದೇವೆಯೇ? ಎರಡನೆಯದು, ಚಿತ್ರವನ್ನು ಇದುವರೆಗೆ ನೋಡಿಯೇ ಇರದವರಿಗೆ ಯಾವ ರೂಪವನ್ನು ತೋರಿಸುವುದು ಸರಿ? ಚಿತ್ರವನ್ನು ಆಳವಾಗಿ ಬಲ್ಲವರು ಕಾರಣಸಹಿತ ಉತ್ತರಿಸಬೇಕೆಂದು ಕೋರುತ್ತೇನೆ.

ಮೊದಲ ಪ್ರತಿಕ್ರಿಯೆ

ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ: ಮೂಲ ಅಂತ್ಯವೇ ಸಮರ್ಪಕ. ಅದಕ್ಕೆ ಕಾರಣವನ್ನು ಕೊನೆಯ ಹತ್ತು ನಿಮಿಷಗಳಲ್ಲಿ ಹುಡುಕುವುದಕ್ಕಿಂತ ಅದಕ್ಕೂ ಹಿಂದಿನ ಮೂರು ಗಂಟೆಗಳಲ್ಲಿ ಹುಡುಕಬೇಕು.

ಈ ಚಿತ್ರ ಅತ್ಯಂತ ಹಿಂಸಾತ್ಮಕ ಎಂಬ ಹೆಸರು ಪಡೆದಿದ್ದರೂ, ಅದರ ಅತಿ ಕ್ರೂರ ಕ್ಷಣಗಳನ್ನು ನಿರ್ದೇಶಕರು ನಮಗೆ ತೋರಿಸುವುದೇ ಇಲ್ಲ ಎಂಬುದನ್ನು ಗಮನಿಸಿ. ಠಾಕೂರನ ಮನೆಯಂಗಳದಲ್ಲಿ ಎಲ್ಲರೂ ಸತ್ತ ಮೇಲೆ ಉಳಿದ ಪುಟ್ಟ ಹುಡುಗನತ್ತ ಗಬ್ಬರ್ ಬಂದೂಕು ತಿರುಗಿಸುತ್ತಾನೆ. ಗುಂಡು ಹಾರುವ ಹೊತ್ತಿಗೆ ದೃಶ್ಯ ರೈಲಿಗೆ ಬದಲಾಗಿರುತ್ತದೆ, ಹುಡುಗ ಬೀಳುವುದನ್ನು ನಾವು ನೋಡುವುದಿಲ್ಲ. ಠಾಕೂರನ ತೋಳುಗಳ ಮೇಲೆ ಕತ್ತಿಗಳು ಇಳಿಯುವಾಗ ಚಿತ್ರ ಸಟ್ಟನೆ ವರ್ತಮಾನಕ್ಕೆ ಮರಳುತ್ತದೆ. ಅವನ ಹೆಗಲ ಶಾಲು ಜಾರಿ ಖಾಲಿ ತೋಳಂಗಿಗಳು ಕಾಣಿಸಿದಾಗಲೇ, ಅಷ್ಟು ಹೊತ್ತು ಆ ಮನುಷ್ಯ ಏಕೆ ಕೈ ಚಾಚಲಿಲ್ಲ, ಬಂದೂಕನ್ನು ಏಕೆ ಎತ್ತಿಕೊಳ್ಳಲಿಲ್ಲ ಎಂಬುದು ನಮಗೆ ತಿಳಿಯುವುದು. ಇಮಾಮರ ಮಗ ಅಹ್ಮದನ ಸಾವನ್ನಂತೂ, ಗಬ್ಬರ್ ತನ್ನ ತೋಳಿನ ಮೇಲೆ ಹರಿದಾಡುವ ಇರುವೆಯೊಂದನ್ನು ಹೊಸಕುವುದರಲ್ಲಿಯೇ ಹೇಳಿ ಮುಗಿಸಲಾಗಿತ್ತು. ಸಂಕಲನಕಾರ ಎಂ. ಎಸ್. ಶಿಂಧೆಯವರ ಕತ್ತರಿ ಪ್ರತಿ ಬಾರಿಯೂ ಏಟು ಬೀಳುವ ಮುನ್ನವೇ ದೃಶ್ಯವನ್ನು ತುಂಡರಿಸುತ್ತದೆ, ಆ ಏಟಿನ ಭಾರ ಇಳಿಯದೆ ಪ್ರೇಕ್ಷಕನೊಳಗೇ ಉಳಿದುಕೊಳ್ಳುತ್ತದೆ.

ಹೀಗೆ ಮೂರು ಗಂಟೆ ತಡೆಹಿಡಿದದ್ದು ಎಲ್ಲಾದರೂ ಒಂದು ಕಡೆ ಒಡೆಯಲೇಬೇಕು. ಮೂಲ ಅಂತ್ಯದಲ್ಲಿ ಕೈಗಳಿಲ್ಲದವನು ಮೊಳೆ ಬಡಿದ ಚಪ್ಪಲಿಯಿಂದ ಮೊದಲು ಗಬ್ಬರ್‌ನ ಕೈಗಳನ್ನೇ ತುಳಿದು ನಾಶ ಮಾಡುತ್ತಾನೆ. ಕೊನೆಗೆ ತನ್ನ ತೋಳುಗಳನ್ನು ಕಳೆದುಕೊಂಡ ಆ ಕಂಬಗಳ ಬಳಿಯಲ್ಲಿಯೇ ಅವನ ಪ್ರಾಣ ತೆಗೆಯುತ್ತಾನೆ. ಇಷ್ಟನ್ನೇ ಕೇಳಿದವರಿಗೆ ಇದು ಸೇಡಿನ ಸಂಭ್ರಮವೆಂದು ಅನ್ನಿಸಬಹುದು. ಅನಂತರ ನಡೆಯುವುದನ್ನು ನೋಡಿದವರು ಹಾಗೆ ಹೇಳಲಾರರು. ಗೆದ್ದ ಠಾಕೂರ್ ಗೆಲುವಿನ ಒಂದು ಮಾತನ್ನೂ ಆಡದೆ ಅಲ್ಲಿಯೇ ಕುಸಿದು ಅಳುತ್ತಾನೆ, ಕಣ್ಣೊರೆಸಿಕೊಳ್ಳಲು ಅವನಿಗೆ ಕೈಗಳೂ ಇಲ್ಲ, ಶಾಲನ್ನು, ಗಬ್ಬರ್‌ನನ್ನು ಹಿಡಿಯಲು ಅವನು ಕರೆಸಿದ್ದ ಕಳ್ಳ ವೀರು ತಂದು ಹೊದಿಸಬೇಕಾಗುತ್ತದೆ. ಠಾಕೂರನ ಪಾತ್ರದಲ್ಲಿ ಇಡೀ ಚಿತ್ರದಲ್ಲಿ ಕಲ್ಲಿನಂತೆ ನಿಂತಿದ್ದ ಸಂಜೀವ್ ಕುಮಾರ್ ಅವರ ಮುಖ ಇಲ್ಲಿ ಒಡೆಯುತ್ತದೆ. ನನ್ನ ಮಟ್ಟಿಗೆ ಸೆನ್ಸಾರ್ ಮಂಡಳಿ ನಮ್ಮಿಂದ ಕಿತ್ತುಕೊಂಡದ್ದು ಈ ಅಳುವನ್ನು. ಸೇಡು ತೀರಿದ ಮೇಲೂ ಸತ್ತ ಮಕ್ಕಳು ಮರಳುವುದಿಲ್ಲ ಎಂಬ ಅರಿವಿನಿಂದ ಹುಟ್ಟಿದ ಅಳು ಅದು. ಕಾನೂನನ್ನು ಕಾಪಾಡಬೇಕೆಂದು ಹೊರಟವರಿಗೆ, ಸೇಡಿನ ಬಗ್ಗೆ ಚಿತ್ರ ಹೇಳುತ್ತಿದ್ದ ಅತ್ಯಂತ ಗಂಭೀರವಾದ ಮಾತು ಇದೇ ಎಂಬುದು ಕಾಣಲಿಲ್ಲ.

ಪೊಲೀಸರು ಬರುವ ಅಂತ್ಯದಲ್ಲಿ ತರ್ಕದ ದೋಷವೂ ಇದೆ. ಗಬ್ಬರ್‌ನನ್ನು ಜೀವಂತವಾಗಿ ಹಿಡಿದು ತನ್ನ ಕೈಗೆ ಒಪ್ಪಿಸಬೇಕೆಂಬುದೇ ಠಾಕೂರ್ ವೀರು ಮತ್ತು ಜೈ ಎಂಬ ಇಬ್ಬರು ಕಳ್ಳರಿಗೆ ವಿಧಿಸಿದ್ದ ಕರಾರು. ಗೆಳೆಯನನ್ನು ಕಳೆದುಕೊಂಡು ಕೆರಳಿದ ವೀರು ಗಬ್ಬರ್‌ನನ್ನು ಕೊಲ್ಲಹೊರಟಾಗಲೂ ಜೈ ಕೊಟ್ಟಿದ್ದ ಮಾತನ್ನು ನೆನಪಿಸಿಯೇ ಅವನನ್ನು ತಡೆಯಲಾಗುತ್ತದೆ. ಇಷ್ಟೆಲ್ಲ ಬೆಲೆ ತೆತ್ತು ಪಡೆದ ಶತ್ರುವನ್ನು, ಹಿಂದೊಮ್ಮೆ ಜೈಲಿನಿಂದ ತಪ್ಪಿಸಿಕೊಂಡು ಬಂದೇ ಕುಟುಂಬವನ್ನು ನಿರ್ನಾಮ ಮಾಡಿದವನನ್ನು, ಮತ್ತೆ ಅದೇ ಜೈಲಿಗೆ ಕಳುಹಿಸಿ ಚಿತ್ರ ಮುಗಿಯುತ್ತದೆ ಎಂದರೆ ಕಥೆ ತನ್ನ ಮಾತನ್ನು ತಾನೇ ಮರೆತಂತೆ.

ಎರಡನೆಯ ಪ್ರತಿಕ್ರಿಯೆ

ಮೇಲಿನವರು ಅಂತ್ಯದ ಬಗ್ಗೆ ಹೇಳಿದ್ದನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಅವರದೇ ವಾದ ಇನ್ನೊಂದು ಕಡೆ ಅವರಿಗೇ ಎದುರಾಗುತ್ತದೆ. ಏಟು ಬೀಳುವ ಮುನ್ನ ದೃಶ್ಯವನ್ನು ನಿಲ್ಲಿಸುವುದೇ ಚಿತ್ರದ ಶೈಲಿಯಾಗಿದ್ದರೆ, ಅಹ್ಮದನ ಪ್ರಸಂಗಕ್ಕೆ ಸೇರಿದ ಕತ್ತರಿಸಿದ ಭಾಗವನ್ನು ಮರಳಿ ಜೋಡಿಸುವುದರಿಂದ ಚಿತ್ರಕ್ಕೆ ಲಾಭವಾಯಿತೇ? ಇರುವೆಯನ್ನು ಹೊಸಕಿದ ಬೆರಳಿನಿಂದ ನೇರವಾಗಿ ಹೆಣವನ್ನು ಹೊತ್ತ ಕುದುರೆ ಊರಿಗೆ ಬರುವಲ್ಲಿಗೆ ಹೋಗುವ ಆ ಜಿಗಿತ ಹಿಂದಿ ಚಿತ್ರರಂಗದ ಅತ್ಯುತ್ತಮ ಸಂಕಲನಗಳಲ್ಲೊಂದು ಎಂದು ನಾನು ನಂಬಿದ್ದೇನೆ. ಅದು ಸೆನ್ಸಾರ್ ಮಂಡಳಿಯ ಒತ್ತಡದಿಂದ ಹುಟ್ಟಿದ್ದಾದರೂ ಚಿಂತೆಯಿಲ್ಲ. ಹೊರಗಿನ ಬಲವಂತದಿಂದಲೂ ಒಮ್ಮೊಮ್ಮೆ ಒಳ್ಳೆಯ ಕಲೆ ಹುಟ್ಟುವುದುಂಟು. ಮರಳಿದ ಅಂತ್ಯ ಚಿತ್ರವನ್ನು ದೊಡ್ಡದು ಮಾಡುತ್ತದೆ, ಮರಳಿದ ಈ ಭಾಗ ಚಿತ್ರವನ್ನು ಉದ್ದ ಮಾಡುತ್ತದೆ ಅಷ್ಟೇ.

ಇನ್ನು ಎರಡನೆಯ ಪ್ರಶ್ನೆ. ‘ನಿರ್ದೇಶಕರ ರೂಪ’ ಎಂಬ ಒಂದೇ ಹಣೆಪಟ್ಟಿಯಡಿ ಎರಡು ಬೇರೆ ಬೇರೆ ಕೆಲಸಗಳು ನಡೆಯುತ್ತವೆ, ಅವುಗಳನ್ನು ಬೇರ್ಪಡಿಸಿ ನೋಡಬೇಕು. ಒಂದು, ಬಿಡುಗಡೆಯ ಸಮಯದಲ್ಲಿ ಬಲವಂತವಾಗಿ ತೆಗೆದದ್ದನ್ನು ಮರಳಿ ಇಡುವುದು. ಇನ್ನೊಂದು, ದಶಕಗಳ ನಂತರ ನಿರ್ದೇಶಕರು ತಮ್ಮ ಹಳೆಯ ಚಿತ್ರವನ್ನು ಹೊಸದಾಗಿ ತಿದ್ದುವುದು. ಎರಡನೆಯದಕ್ಕೆ ಉದಾಹರಣೆ ವಾಲ್ಟರ್ ಹಿಲ್ ಅವರ ‘ದಿ ವಾರಿಯರ್ಸ್’. 1979ರಲ್ಲಿ ಬಂದ ಆ ಚಿತ್ರದಲ್ಲಿ ನ್ಯೂಯಾರ್ಕಿನ ಗ್ಯಾಂಗೊಂದು ಬ್ರಾಂಕ್ಸ್‌ನಿಂದ ಕೋನಿ ಐಲ್ಯಾಂಡ್‌ವರೆಗೆ ಒಂದೇ ರಾತ್ರಿಯಲ್ಲಿ, ದಾರಿಯುದ್ದಕ್ಕೂ ಶತ್ರುಗಳ ನಡುವೆ, ಮನೆಗೆ ಮರಳಬೇಕಾಗುತ್ತದೆ. ಕಥೆಯ ಮೂಲದಲ್ಲಿ ಪ್ರಾಚೀನ ಗ್ರೀಕ್ ಸೈನಿಕರು ಶತ್ರುದೇಶದ ನಡುವಿನಿಂದ ಹಿಮ್ಮೆಟ್ಟಿ ಬಂದ ವೃತ್ತಾಂತವಿದೆ. 2005ರ ಪರಿಷ್ಕೃತ ರೂಪದಲ್ಲಿ ಹಿಲ್ ಅವರು ಆ ಗ್ರೀಕ್ ಹಿನ್ನೆಲೆಯನ್ನು ಹೇಳುವ ಪೀಠಿಕೆಯನ್ನೂ, ದೃಶ್ಯದಿಂದ ದೃಶ್ಯಕ್ಕೆ ಹೋಗುವಲ್ಲಿ ಕಾಮಿಕ್ ಪುಸ್ತಕದ ಚೌಕಟ್ಟುಗಳನ್ನೂ ಸೇರಿಸಿದರು. ಅವರ ಉದ್ದೇಶ ಪ್ರಾಮಾಣಿಕವೇ ಆಗಿತ್ತು, ಚಿತ್ರಕ್ಕೆ ಅಂಥ ರೂಪ ಕೊಡುವ ಆಸೆ ಮೊದಲಿನಿಂದಲೂ ಇತ್ತು. ಆದರೆ ಒಂದೇ ರಾತ್ರಿಯ ಓಟವಾಗಿದ್ದ ಚಿತ್ರ ಪ್ರತಿ ಚೌಕಟ್ಟಿನಲ್ಲಿಯೂ ನಿಂತು ಉಸಿರು ತೆಗೆದುಕೊಳ್ಳತೊಡಗಿತು. ಪ್ರೇಕ್ಷಕ ತಾನೇ ಊಹಿಸಿಕೊಳ್ಳುತ್ತಿದ್ದ ಪೌರಾಣಿಕ ಛಾಯೆಯನ್ನು ಪೀಠಿಕೆ ಬಾಯಿಬಿಟ್ಟು ಹೇಳಿಬಿಟ್ಟಿತು. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಅನೇಕ ವರ್ಷ ಬ್ಲೂ-ರೇ ಡಿಸ್ಕಿನಲ್ಲಿ ಆ ತಿದ್ದಿದ ರೂಪವೊಂದೇ ಸಿಗುತ್ತಿತ್ತು. ಎರಡೂ ರೂಪಗಳನ್ನು ಒಟ್ಟಿಗೆ ಕೊಟ್ಟ ಒಳ್ಳೆಯ ಆವೃತ್ತಿ ಬರಲು 2023ರವರೆಗೆ ಕಾಯಬೇಕಾಯಿತು.

‘ಶೋಲೆ’ಯ ಹೊಸ ರೂಪ ಮೊದಲ ಬಗೆಯದು, ಆ ಮಟ್ಟಿಗೆ ಅದು ನ್ಯಾಯವಾದದ್ದು. ಆದರೂ ಐವತ್ತು ವರ್ಷ ಕೋಟ್ಯಂತರ ಜನ ಕಂಡು, ಮಾತಾಡಿ, ಬಾಯಿಪಾಠ ಮಾಡಿಕೊಂಡದ್ದು ಪೊಲೀಸರು ಬರುವ ಚಿತ್ರವನ್ನು. ಮುಂಬೈಯ ಮಿನರ್ವಾ ಚಿತ್ರಮಂದಿರದಲ್ಲಿ ಐದು ವರ್ಷ ಓಡಿದ್ದು ಆ ರೂಪ. ಅದನ್ನು ಇತಿಹಾಸದಿಂದ ಅಳಿಸಿಹಾಕಿದರೆ, ತುರ್ತು ಪರಿಸ್ಥಿತಿಯಲ್ಲಿ ಒಂದು ಚಿತ್ರದ ಮೇಲೆ ಏನು ನಡೆಯಿತು ಎಂಬುದರ ಸಾಕ್ಷ್ಯವನ್ನೇ ಅಳಿಸಿದಂತಾಗುತ್ತದೆ. ಎರಡೂ ರೂಪಗಳು ಒಳ್ಳೆಯ ಗುಣಮಟ್ಟದಲ್ಲಿ ಸಿಗಬೇಕು ಎಂಬುದೇ ನನ್ನ ಆಗ್ರಹ.

ಮೂರನೆಯ ಪ್ರತಿಕ್ರಿಯೆ

ಚರ್ಚೆ ಅಂತ್ಯದ ಸುತ್ತಲೇ ಸುತ್ತುತ್ತಿರುವುದರಿಂದ ಚಿತ್ರದ ಫಿಲ್ಮ್ ಪ್ರತಿಗಳ ಬಗ್ಗೆ ಕೆಲವು ಮಾತುಗಳನ್ನು ಸೇರಿಸುತ್ತೇನೆ. ಯಾವ ರೂಪ ನೋಡಬೇಕು ಎಂಬ ಪ್ರಶ್ನೆಗೆ ಅದೂ ಮುಖ್ಯ.

ಮೂಲ ಅಂತ್ಯ ಈಗಷ್ಟೇ ಮೊದಲ ಬಾರಿಗೆ ಹೊರಬಂದದ್ದಲ್ಲ. 1990ರಲ್ಲಿಯೇ ಬ್ರಿಟನ್ನಿನಲ್ಲಿ ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ ಅದು ಬಂದಿತ್ತು, ಮುಂದೆ ಡಿವಿಡಿಯಲ್ಲಿಯೂ ಸಿಕ್ಕಿತು. ಆದರೆ ಪ್ರೇಕ್ಷಕರ ಮುಂದೆ ವಿಚಿತ್ರವಾದ ಆಯ್ಕೆಯಿತ್ತು. 204 ನಿಮಿಷಗಳ ಆ ಪೂರ್ಣ ರೂಪ ಹಳೆಯ ಟಿವಿಯ ಚೌಕ ಆಕಾರದಲ್ಲಿ ಮಾತ್ರ ಇತ್ತು, ಅಗಲ ಪರದೆಯ ಆಕಾರದಲ್ಲಿದ್ದದ್ದು 198 ನಿಮಿಷಗಳ ಸೆನ್ಸಾರ್ ರೂಪ. ಅಂತ್ಯ ಬೇಕೆಂದವರು ಚೌಕಟ್ಟನ್ನು ಬಿಡಬೇಕಿತ್ತು, ಚೌಕಟ್ಟು ಬೇಕೆಂದವರು ಅಂತ್ಯವನ್ನು ಬಿಡಬೇಕಿತ್ತು. 2014ರಲ್ಲಿ ಬಂದ 3ಡಿ ರೂಪವೂ ಈ ಕೊರತೆಯನ್ನು ತುಂಬಲಿಲ್ಲ.

ಈ ಚಿತ್ರದಲ್ಲಿ ಚೌಕಟ್ಟನ್ನು ಬಿಡುವುದೆಂದರೆ ಸಣ್ಣ ನಷ್ಟವಲ್ಲ. ಛಾಯಾಗ್ರಾಹಕ ದ್ವಾರಕಾ ದಿವೇಚಾ ಅವರು 35 ಮಿ.ಮೀ. ಫಿಲ್ಮಿನಲ್ಲಿ ಚಿತ್ರೀಕರಿಸಿದ್ದನ್ನು 70 ಮಿ.ಮೀ.ಗೆ ಹಿಗ್ಗಿಸಿ, 2.2:1ರ ಅಗಲದಲ್ಲಿ, ಸ್ಟೀರಿಯೊ ಧ್ವನಿಯೊಂದಿಗೆ ತೋರಿಸಲಾಗಿತ್ತು. ರಾಮನಗರದ ಬಂಡೆಗಳ ನಡುವೆ ಕಟ್ಟಿದ ಊರನ್ನೂ, ಬಂಡೆಗಳ ನೆತ್ತಿಯ ಮೇಲೆ ನಿಂತ ಡಕಾಯಿತರನ್ನೂ ಒಂದೇ ಚಿತ್ರಿಕೆಯಲ್ಲಿ ಹಿಡಿಯಬೇಕೆಂದೇ ಆ ಅಗಲವನ್ನು ಆರಿಸಿಕೊಂಡಂತೆ ಕಾಣುತ್ತದೆ. 1973ರ ಅಕ್ಟೋಬರ್‌ನಲ್ಲಿ ಅಲ್ಲಿ ಚಿತ್ರೀಕರಣ ಆರಂಭವಾದಾಗ ಹೆದ್ದಾರಿಯಿಂದ ಸೆಟ್ಟಿನವರೆಗೆ ಹೊಸದಾಗಿ ರಸ್ತೆಯನ್ನೇ ಮಾಡಬೇಕಾಗಿತ್ತು. ಅಷ್ಟು ಶ್ರಮಪಟ್ಟು ಹುಡುಕಿಕೊಂಡ ಭೂದೃಶ್ಯವನ್ನು ಟಿವಿಯ ಚೌಕ ಆಕಾರದಲ್ಲಿ ನೋಡಿದಾಗ, ಗಬ್ಬರ್ ಬಂಡೆಯ ಮೇಲೆ ಶತಪಥ ಹಾಕುವ ದೃಶ್ಯದಲ್ಲಿ ಅವನಿಗೂ ಅವನ ಮುಂದೆ ನಡುಗುತ್ತ ನಿಂತವರಿಗೂ ನಡುವಿನ ದೂರದ ಅನುಭವವೇ ಮಾಯವಾಗುತ್ತದೆ. ಠಾಕೂರನ ವಿಧವೆ ಸೊಸೆ ರಾಧಾ ದೀಪಗಳನ್ನು ಆರಿಸುತ್ತ ಹೋಗುವಾಗ ಜೈ ಕೆಳಗೆ ಕೂತು ಮೌತ್ ಆರ್ಗನ್ ನುಡಿಸುವ ದೃಶ್ಯವನ್ನು ಸಂಜೆಯ ಕೆಲವೇ ನಿಮಿಷಗಳ ಬೆಳಕಿಗಾಗಿ ದಿನಗಟ್ಟಲೆ ಕಾದು ಚಿತ್ರೀಕರಿಸಲಾಗಿತ್ತು. ಹಳೆಯ ಪ್ರತಿಗಳಲ್ಲಿ ಅದು ಬರಿಯ ಮಬ್ಬಾಗಿ ಕಾಣುತ್ತಿತ್ತು.

ಈಗಿನ ಕೆಲಸವನ್ನು ನಿರ್ಮಾಪಕ ಸಂಸ್ಥೆಯಾದ ಸಿಪ್ಪಿ ಫಿಲ್ಮ್ಸ್ ಜೊತೆಗೂಡಿ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಕೈಗೊಂಡಿತು, ಪ್ರಯೋಗಾಲಯದ ಕೆಲಸ ಬೊಲೋನ್ಯಾದಲ್ಲಿ ನಡೆಯಿತು. ಮೂಲ ಕ್ಯಾಮೆರಾ ನೆಗೆಟಿವ್ ತೀರಾ ಹಾಳಾಗಿತ್ತು. ಅಸಿಟೇಟ್ ಫಿಲ್ಮು ತೇವ ಮತ್ತು ಬಿಸಿಯಲ್ಲಿ ವರ್ಷಗಟ್ಟಲೆ ಇದ್ದರೆ ಅದರ ತಳಪಟ್ಟಿ ಒಡೆಯುತ್ತ ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ಡಬ್ಬಿ ತೆರೆದರೆ ಹುಳಿ ವಾಸನೆ ಬರುವುದು ಆ ಕಾರಣಕ್ಕೆ, ಇದನ್ನು ವಿನೆಗರ್ ಸಿಂಡ್ರೋಮ್ ಎನ್ನುತ್ತಾರೆ. ಆ ಆಮ್ಲವೇ ಮುಂದಿನ ಒಡೆತವನ್ನು ಚುರುಕುಗೊಳಿಸುವುದರಿಂದ, ಒಮ್ಮೆ ಶುರುವಾದ ಕೇಡನ್ನು ತಂಪಿನಲ್ಲಿಟ್ಟು ನಿಧಾನಿಸಬಹುದೇ ಹೊರತು ಹಿಂದಿರುಗಿಸಲಾಗದು. ಹಾಗಾಗಿ ಲಂಡನ್ ಮತ್ತು ಮುಂಬೈಯಲ್ಲಿ ಉಳಿದಿದ್ದ ಇಂಟರ್‌ಪಾಸಿಟಿವ್ ಮುಂತಾದ ನಡುವಿನ ತಲೆಮಾರಿನ ಪ್ರತಿಗಳನ್ನು ಆಧರಿಸಬೇಕಾಯಿತು. ಕಳಚಿಹೋಗಿದ್ದ ದೃಶ್ಯಗಳು ಸಿಕ್ಕಿದ್ದು ಬ್ರಿಟನ್ನಿನಲ್ಲಿದ್ದ ಪ್ರತಿಗಳಲ್ಲಿ. 70 ಮಿ.ಮೀ.ಯ ಒಂದು ಪ್ರತಿಯೂ ಉಳಿದಿರಲಿಲ್ಲ. ನೆಗೆಟಿವ್‌ನಿಂದ ದೂರ ಹೋದಷ್ಟೂ ಸೂಕ್ಷ್ಮ ವಿವರ ಕಡಿಮೆಯಾಗುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ, ಕೆಲವು ಚಿತ್ರಿಕೆಗಳು ಅಕ್ಕಪಕ್ಕದವುಗಳಿಗಿಂತ ಮೃದುವಾಗಿ ಕಂಡಾಗ ಬೇಸರವಾಗುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಠಾಕೂರನ ಅಳುವಿನ ಬಗೆಗಿನ ಮಾತು ನನ್ನ ಮೊದಲ ಪ್ರಶ್ನೆಯನ್ನು ಪರಿಹರಿಸಿದೆ. ನಾನು ಮೊಳೆಯ ಚಪ್ಪಲಿಯನ್ನೇ ನೋಡುತ್ತ ಕೂತಿದ್ದೆ. ರಾಮಲಾಲ್ ಆ ಚಪ್ಪಲಿಯನ್ನು ಸಿದ್ಧಪಡಿಸುವ ಪುಟ್ಟ ದೃಶ್ಯವೂ ಈಗ ಮರಳಿರುವುದರಿಂದ, ಕೊನೆಯ ಹೋರಾಟಕ್ಕೆ ಠಾಕೂರ್ ಮೊದಲೇ ಸಜ್ಜಾಗುತ್ತಿದ್ದನೆಂಬುದು ಸ್ಪಷ್ಟವಾಗುತ್ತದೆ. ಯಜಮಾನನ ಕೈಗಳಾಗಿ ಬದುಕಿದ ಆಳು ಈ ಕೆಲಸಕ್ಕೂ ಕೈಯಾಗುವುದು ನನಗೆ ಬಹಳ ಅರ್ಥಪೂರ್ಣವಾಗಿ ಕಂಡಿತು.

ಹೊಸದಾಗಿ ನೋಡುವವರಿಗೆ ಯಾವ ರೂಪ ಎಂಬುದರ ಬಗ್ಗೆ ಮಾತ್ರ ಇನ್ನೂ ಒಂದು ಅಭಿಪ್ರಾಯ ಬೇಕು.

ಮೊದಲ ಪ್ರತಿಕ್ರಿಯೆ ಬರೆದವರಿಂದ

ಅಹ್ಮದನ ಪ್ರಸಂಗದ ಬಗ್ಗೆ ಎರಡನೆಯ ಪ್ರತಿಕ್ರಿಯೆಯವರು ಹೇಳಿದ್ದು ಸರಿಯೆಂದೇ ನನಗೂ ತೋರುತ್ತದೆ, ಇರುವೆಯಲ್ಲಿಯೇ ಅದು ಮುಗಿದಿದ್ದರೆ ಚೆನ್ನಾಗಿತ್ತು. ಆದರೂ ಹೊಸಬರಿಗೆ ಈಗಿನ ಪೂರ್ಣ ರೂಪವನ್ನೇ, ಸಾಧ್ಯವಾದಷ್ಟೂ ದೊಡ್ಡ ಪರದೆಯ ಮೇಲೆ, ಮೊದಲು ತೋರಿಸಿ. ಚಿತ್ರದ ಅಗಲ, ಬೆಳಕು, ಧ್ವನಿ, ಅಂತ್ಯ ನಾಲ್ಕೂ ಒಟ್ಟಿಗೆ ಸಿಗುತ್ತಿರುವುದು ಇದೇ ಮೊದಲು. ಅವರಿಗೆ ಚಿತ್ರ ಹಿಡಿಸಿದರೆ, ಇನ್ನೊಂದು ದಿನ ಸೆನ್ಸಾರ್ ರೂಪದ ಕೊನೆಯ ಭಾಗವನ್ನಷ್ಟೇ ತೋರಿಸಿ, ಅದು 1975ರಲ್ಲಿ ಏಕೆ ಹಾಗಾಯಿತು ಎಂಬುದನ್ನು ವಿವರಿಸಿ.