ಎಕ್ಸ್‌ಪಾತ್‌ನ [1]: ಯಾವುದರಲ್ಲಿ ಮೊದಲನೆಯದು?

ಪ್ರಶ್ನೆ: ನಿಘಂಟಿನ ಎಕ್ಸ್‌ಎಂಎಲ್ ಕಡತದಲ್ಲಿ (ಮಾಹಿತಿಯನ್ನು ಟ್ಯಾಗ್‌ಗಳೊಳಗೆ ಇಡುವ ಕಡತ) ಎಕ್ಸ್‌ಪಾತ್ ಬಳಸಿ (ಅಂಥ ಕಡತದ ಭಾಗಗಳನ್ನು ಹುಡುಕುವ ಭಾಷೆ) //ಅರ್ಥ[1] ಎಂದು ಕೇಳಿದರೆ ಒಂದೇ ಅರ್ಥ ಬರಬೇಕಲ್ಲವೇ? ಪ್ರತಿ ನಮೂದಿನಿಂದಲೂ ಒಂದೊಂದು ಬರುತ್ತಿದೆ. ಚೌಕಾವರಣದ ಭಾಗಕ್ಕೆ ಪ್ರೆಡಿಕೇಟ್ ಎನ್ನುತ್ತಾರೆ. ಕನ್ನಡದಲ್ಲಿ ‘ವಿಧೇಯ’ ಎನ್ನಬಹುದೇ?

<ನಿಘಂಟು>
<ನಮೂದು><ಪದ>ಅಡಿ</ಪದ><ಅರ್ಥ>ಪಾದ</ಅರ್ಥ><ಅರ್ಥ>ತಳ</ಅರ್ಥ></ನಮೂದು>
<ನಮೂದು><ಪದ>ತೋಳು</ಪದ><ಅರ್ಥ>ಬಾಹು</ಅರ್ಥ></ನಮೂದು>
</ನಿಘಂಟು>

ಉತ್ತರ: ‘ವಿಧೇಯ’ ತರ್ಕಶಾಸ್ತ್ರದವರಿಗಿರಲಿ, ಇಲ್ಲಿ ‘ಷರತ್ತು’ ಸಾಕು. ಆ ಷರತ್ತು ಯಾವುದಕ್ಕೆ ಅಂಟಿಕೊಂಡಿದೆ ಎಂಬುದರಲ್ಲೇ ನಿಮ್ಮ ತೊಡಕಿದೆ.

// ಎಂಬುದು ಒಂದು ಇಡೀ ಹೆಜ್ಜೆಯ ಸಂಕ್ಷಿಪ್ತ ರೂಪ: ಬೇರಿನಿಂದ (ಕಡತದ ತುತ್ತತುದಿಯಿಂದ) ಹಿಡಿದು ಕೆಳಗಿನ ಪ್ರತಿಯೊಂದು ನೋಡ್‌ಗೂ (ಕಡತದ ಒಂದೊಂದು ಅಂಶಕ್ಕೂ) ಹೋಗು. ಅರ್ಥ[1] ಮುಂದಿನ ಹೆಜ್ಜೆ: ಹೋದಲ್ಲೆಲ್ಲ, ಆ ನೋಡ್‌ನ ಮಕ್ಕಳಾದ ‘ಅರ್ಥ’ಗಳಲ್ಲಿ ಮೊದಲನೆಯದನ್ನು ತೆಗೆದುಕೋ. ಎಣಿಕೆ ಪ್ರತಿ ತಾಯಿಯ ಕೆಳಗೂ ಹೊಸದಾಗಿ 1ರಿಂದ ಶುರುವಾಗುತ್ತದೆ (0ಯಿಂದಲ್ಲ, ಪ್ರೋಗ್ರಾಮರ್‌ಗಳು ಎಡವುವುದು ಇಲ್ಲೇ). ಹಾಗಾಗಿ ಪಾದ, ಬಾಹು ಎರಡೂ ಬರುತ್ತವೆ. ಇಡೀ ಕಡತದಲ್ಲಿ ಮೊದಲನೆಯದು ಬೇಕಿದ್ದರೆ ಹುಡುಕಾಟವನ್ನು ದುಂಡಾವರಣದಲ್ಲಿಟ್ಟು (//ಅರ್ಥ)[1] ಎನ್ನಿ. ‘ಪಾದ’ ಮಾತ್ರ ಸಿಗುತ್ತದೆ. (//ಅರ್ಥ)[3] ‘ಬಾಹು’ವನ್ನು ಕೊಟ್ಟರೆ, //ಅರ್ಥ[3] ಏನನ್ನೂ ಕೊಡುವುದಿಲ್ಲ. ಮೂರು ಅರ್ಥಗಳಿರುವ ನಮೂದೇ ಇಲ್ಲವಲ್ಲ.

ಇದರ ಜೊತೆಯ ತಪ್ಪು ಇನ್ನೊಂದು. ನಮೂದುಗಳನ್ನು ಲೂಪ್‌ನಲ್ಲಿ ಒಂದೊಂದಾಗಿ ಹಿಡಿದು ಒಳಗೆ //ಅರ್ಥ ಎಂದರೆ, ಕೈಯಲ್ಲಿರುವ ನಮೂದನ್ನು ಬಿಟ್ಟು ಮತ್ತೆ ಬೇರಿನಿಂದಲೇ ಹುಡುಕುತ್ತದೆ. ಮುಂದೆ ಚುಕ್ಕಿ ಬೇಕು: .//ಅರ್ಥ. ಮೂಲ ಟ್ಯಾಗ್‌ನಲ್ಲಿ ಡೀಫಾಲ್ಟ್ ನೇಮ್‌ಸ್ಪೇಸ್ (ಟ್ಯಾಗ್ ಹೆಸರುಗಳು ಯಾವ ಗುಂಪಿನವು ಎಂಬ ಗುರುತು) ಘೋಷಿಸಿದ್ದರೆ ಎಕ್ಸ್‌ಪಾತ್‌ನ 1999ರ 1.0 ಆವೃತ್ತಿಯಲ್ಲಿ ಬರೀ //ಪದ ಖಾಲಿ ಬರುತ್ತದೆ. ಆ ನೇಮ್‌ಸ್ಪೇಸ್‌ಗೆ ಒಂದು ಪ್ರಿಫಿಕ್ಸ್ (ಹೆಸರಿನ ಮುಂದೆ ಹಚ್ಚುವ ಗುರುತು) ಕಟ್ಟಿಕೊಂಡು //ನಿ:ಪದ ಎನ್ನಬೇಕು.

ಕನ್ನಡ ಪಠ್ಯದಲ್ಲಿ ಎದುರಾಗುವ ಕಾಟವೂ ಒಂದಿದೆ. //ನಮೂದು[ಪದ='ತೋಳು'] ಸರಿಯಾಗಿದ್ದೂ ಏನೂ ಸಿಗದಿದ್ದರೆ ‘ತೋ’ ಹೇಗೆ ಟೈಪಾಗಿದೆ ನೋಡಿ. ಓಕಾರದ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಎಕಾರ, ಊಕಾರ, ದೀರ್ಘ ಎಂದು ಮೂರಾಗಿಯೂ ಬಿಡಿಸಬಹುದು. ತೆರೆಯ ಮೇಲೆ ಎರಡೂ ಒಂದೇ, ಎಕ್ಸ್‌ಪಾತ್ 1.0 ಹೋಲಿಸುವುದು ಸಂಕೇತಗಳನ್ನು. ಅವುಗಳನ್ನು ಏಕರೂಪಕ್ಕೆ ತರುವ ಫಂಕ್ಷನ್ 2.0ರಲ್ಲಿ ಬಂತು, ಆದರೆ ಬ್ರೌಸರ್‌ಗಳಲ್ಲಿರುವುದು 1.0. ಆದ್ದರಿಂದ ಕಡತವನ್ನೂ ಹುಡುಕುವ ಪದವನ್ನೂ ಮೊದಲೇ ಎನ್‌ಎಫ್‌ಸಿ ರೂಪಕ್ಕೆ (ಬಿಡಿ ಸಂಕೇತಗಳನ್ನು ಕೂಡಿಸಿದ ಯೂನಿಕೋಡ್ ರೂಪ) ತಂದುಬಿಡಿ.