ಎಸ್‌ವಿಎನ್: ಮರ್ಜ್ ಆಗಬೇಕಿದ್ದು ಎರಡು ಫೈಲ್, ಎಂ ಬಂದಿದ್ದು ನೂರಾರು ಫೈಲಿಗೆ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಮ್ಮ ಕೋಡಿನ ಬದಲಾವಣೆಗಳ ಲೆಕ್ಕ ಇಡುವುದು ಎಸ್‌ವಿಎನ್ (ಸಬ್‌ವರ್ಷನ್) ಸಾಫ್ಟ್‌ವೇರ್. ಟ್ರಂಕ್‌ನಲ್ಲಿದ್ದ (ಮುಖ್ಯ ಕೋಡ್) ಒಂದು ಬಗ್ ಫಿಕ್ಸನ್ನು (ರಿವಿಷನ್, ಅಂದರೆ ಬದಲಾವಣೆಯ ಸಂಖ್ಯೆ, 4812) ರಿಲೀಸ್ ಬ್ರಾಂಚಿಗೆ (ಬಿಡುಗಡೆಗೆಂದು ಇಟ್ಟ ಬೇರೆ ಪ್ರತಿ) ಮರ್ಜ್ ಮಾಡಿದೆ, ಅಂದರೆ ಸೇರಿಸಿದೆ. ಅದರಲ್ಲಿ ಬದಲಾಗಿದ್ದು ಎರಡೇ ಫೈಲ್. ಆದರೆ ಸ್ಟೇಟಸ್ ನೋಡಿದರೆ ನೂರಾರು ಫೈಲ್‌ಗಳ ಮುಂದೆ ಎಂ (M, ಬದಲಾಗಿದೆ ಎಂಬ ಗುರುತು) ಬರುತ್ತಿದೆ. ಡಿಫ್ ತೆಗೆದರೆ ಕೋಡ್ ಒಂದಕ್ಷರವೂ ಬದಲಾಗಿಲ್ಲ. ಎಲ್ಲ ಕಡೆ ಮರ್ಜ್‌ಇನ್ಫೋ ಪ್ರಾಪರ್ಟಿಗೆ (ಯಾವ ರಿವಿಷನ್ ಮರ್ಜ್ ಆಗಿದೆ ಎಂದು ಫೈಲಿಗೋ ಫೋಲ್ಡರಿಗೋ ಅಂಟಿಸಿದ ದಾಖಲೆ) 4812 ಸೇರಿಕೊಂಡಿದೆ, ಅಷ್ಟೇ. ಇದನ್ನೆಲ್ಲ ರಿವರ್ಟ್ ಮಾಡಿ (ಹಿಂದಿನಂತೆ ಮಾಡಿ) ಆ ಎರಡು ಫೈಲ್ ಮಾತ್ರ ಕಮಿಟ್ ಮಾಡಲೇ (ಸರ್ವರ್‌ಗೆ ದಾಖಲಿಸಲೇ)? ಬಿಲ್ಡ್ ಸರ್ವರ್ ಸೆಂಟ್‌ಒಎಸ್ 6, ಎಸ್‌ವಿಎನ್ 1.6.11.

ಉತ್ತರ:
ದಯವಿಟ್ಟು ಹಾಗೆ ಮಾಡಬೇಡಿ. ಬ್ರಾಂಚಿನ ರೂಟ್ (ಎಲ್ಲಕ್ಕಿಂತ ಹೊರಗಿನ ಫೋಲ್ಡರ್) ಮೇಲಿನ ಮರ್ಜ್‌ಇನ್ಫೋ ಬಿಟ್ಟುಹೋದರೆ 4812 ಮರ್ಜ್ ಆಗಿದೆ ಎಂಬ ದಾಖಲೆಯೇ ಇರುವುದಿಲ್ಲ. ಮುಂದಿನ ಸಲ ಎಸ್‌ವಿಎನ್ ಅದನ್ನೇ ಮತ್ತೆ ಮರ್ಜ್ ಮಾಡಲು ಹೋಗಿ ಕಾನ್ಫ್ಲಿಕ್ಟ್ ತಂದಿಡಬಹುದು.

ಎಂ ಎರಡನೇ ಕಾಲಮ್ಮಿನಲ್ಲಿದೆ ಅಲ್ವಾ? ಮೊದಲನೆಯದು ಫೈಲಿನ ಒಳಗಿನ ಬದಲಾವಣೆಗೆ, ಎರಡನೆಯದು ಪ್ರಾಪರ್ಟಿಗೆ.

ಮರ್ಜ್ ಟ್ರ್ಯಾಕಿಂಗ್ (ಈ ದಾಖಲೆ ಇಡುವ ವ್ಯವಸ್ಥೆ) ಬಂದಿದ್ದು 2008ರಲ್ಲಿ, ಎಸ್‌ವಿಎನ್ 1.5 ಜೊತೆ. ದಾಖಲೆ ರೂಟ್ ಮೇಲೆ ಒಂದೇ ಕಡೆ ಇದ್ದರೆ ಸಾಕು, ಒಳಗಿನ ಫೈಲ್‌ಗಳಿಗೆಲ್ಲ ಅದೇ ಅನ್ವಯ. ಆದರೆ ಯಾರಾದರೂ ಒಂದೇ ಫೈಲನ್ನೋ ಒಳಗಿನ ಫೋಲ್ಡರನ್ನೋ ಮರ್ಜ್ ಮಾಡಿದರೆ ಅದಕ್ಕೆ ಬೇರೆ ಮರ್ಜ್‌ಇನ್ಫೋ ಅಂಟಿಕೊಳ್ಳುತ್ತದೆ. 1.5ರಲ್ಲಿ ಸುಮ್ನೆ ಕಾಪಿ, ಮೂವ್ ಮಾಡಿದರೂ ಅಂಟಿಕೊಳ್ಳುತ್ತಿತ್ತು. ಒಮ್ಮೆ ಅಂಟಿತೆಂದರೆ 1.6ರ ಕ್ಲೈಂಟ್ (ನಿಮ್ಮ ಕಂಪ್ಯೂಟರಿನಲ್ಲಿರುವ ಎಸ್‌ವಿಎನ್ ಪ್ರೋಗ್ರಾಂ) ರೂಟ್‌ಗೆ ಮಾಡುವ ಪ್ರತಿ ಮರ್ಜ್‌ನಲ್ಲೂ ಅವನ್ನೆಲ್ಲ ತಿದ್ದುತ್ತದೆ, ಆ ಫೈಲಿಗೆ ಸಂಬಂಧ ಇರಲಿ ಬಿಡಲಿ. 2011ರ 1.7ರಿಂದ ಈ ಕಾಟ ಇಲ್ಲ. ಮರ್ಜ್ ಮುಟ್ಟಿದ ಕಡೆ ಮಾತ್ರ ದಾಖಲೆ ಬದಲಾಗುತ್ತದೆ.

ಈಗಿನದನ್ನು ಇದ್ದ ಹಾಗೇ ಕಮಿಟ್ ಮಾಡಿ. ಕೋಡಿಗೆ ಏನೂ ಆಗುವುದಿಲ್ಲ. ಹಳೇದನ್ನು ತೆಗೆಯುವ ಕೆಲಸ ಬೇರೆ ಕಮಿಟ್‌ನಲ್ಲೇ ಇರಲಿ. ರೂಟ್‌ನಲ್ಲಿ ನಿಂತು ಪ್ರಾಪ್‌ಗೆಟ್ (ಪ್ರಾಪರ್ಟಿ ತೋರಿಸುವ ಕಮಾಂಡ್) ರಿಕರ್ಸಿವ್ ಆಗಿ, ಅಂದರೆ ಒಳಗಿನ ಎಲ್ಲದಕ್ಕೂ, ಓಡಿಸಿ, ಪ್ರತಿ ಫೈಲಿನ ಪಟ್ಟಿಯನ್ನು ರೂಟ್‌ನದರ ಜೊತೆ ಹೋಲಿಸಿ. ಎರಡೂ ಒಂದೇ ಆಗಿದ್ದರೆ ಫೈಲಿನದನ್ನು ಪ್ರಾಪ್‌ಡೆಲ್ ಮಾಡಿ (ಪ್ರಾಪರ್ಟಿ ಅಳಿಸುವ ಕಮಾಂಡ್), ಯೋಚನೆ ಬೇಡ. ಫೈಲಿನ ಪಟ್ಟಿಯಲ್ಲಿ ಯಾವುದಾದರೂ ರಿವಿಷನ್ ಕಡಿಮೆ ಇದ್ದರೆ, ಅದು ಈ ಫೈಲನ್ನು ಮುಟ್ಟಿತ್ತಾ ಎಂದು ಲಾಗ್ ನೋಡಿ. ಮುಟ್ಟಿದ್ದರೆ ಆ ಬದಲಾವಣೆ ಬ್ರಾಂಚಿಗೆ ಬಂದೇ ಇಲ್ಲ ಅಂತ ಅರ್ಥ, ಮೊದಲು ಅದನ್ನು ತನ್ನಿ. ರೂಟ್‌ನಲ್ಲಿ ಇಲ್ಲದ ರಿವಿಷನ್ ಫೈಲಿನಲ್ಲಿದ್ದರೆ ಇನ್ನೂ ಜಾಸ್ತಿ ಜಾಗ್ರತೆ ಬೇಕು. ಆ ರಿವಿಷನ್ ಪೂರ್ತಿ ಬೇಕಿದ್ದರೆ ರೂಟ್‌ಗೇ ಮರ್ಜ್ ಮಾಡಿ, ಆಮೇಲೆ ಅಳಿಸಿ. ಆ ಒಂದು ಫೈಲಿಗಷ್ಟೇ ಬೇಕಿದ್ದರೆ ಅಲ್ಲೇ ಬಿಡಿ.

ಈ ಕಾಟ ತಪ್ಪಬೇಕಾದರೆ ಕ್ಲೈಂಟ್ ಅಪ್‌ಗ್ರೇಡ್ ತಂಡದ ಎಲ್ಲರೂ ಮಾಡಲೇಬೇಕು. 1.7ರ ವರ್ಕಿಂಗ್ ಕಾಪಿಯನ್ನು (ನಿಮ್ಮ ಕಂಪ್ಯೂಟರಿನಲ್ಲಿರುವ ಕೋಡಿನ ಪ್ರತಿ) 1.6 ಓದುವುದಿಲ್ಲ, ಅದನ್ನು ಮೊದಲೇ ತಿಳಿಸಿಡಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಸರ್, ಹಾಗೇ ಕಮಿಟ್ ಮಾಡಿದೆ. ಪಟ್ಟಿಯಲ್ಲಿ ಒಂದು ಫೋಲ್ಡರಿಗೆ 4650ರ ಮುಂದೆ ನಕ್ಷತ್ರದ ಗುರುತಿದೆ. ಅದೇನು?

ಉತ್ತರ:
ಆ ಮರ್ಜ್ ಆ ಫೋಲ್ಡರಿಗೆ ಮಾತ್ರ, ಅದರೊಳಗಿನವಕ್ಕೆ ಅನ್ವಯಿಸುವುದಿಲ್ಲ ಅಂತ. ಯಾರೋ ಅರ್ಧಂಬರ್ಧ ಚೆಕ್‌ಔಟ್‌ನಲ್ಲೋ (ಎಲ್ಲ ಫೈಲ್ ಇಳಿಸಿಕೊಳ್ಳದೆ) ಡೆಪ್ತ್ (ಎಷ್ಟು ಒಳಗಿನ ಫೋಲ್ಡರ್‌ವರೆಗೆ ಎಂಬುದು) ಕಡಿಮೆ ಇಟ್ಟೋ ಮರ್ಜ್ ಮಾಡಿರುತ್ತಾರೆ. ಇಂಥದ್ದನ್ನು ಪ್ರಾಪ್‌ಡೆಲ್ ಮಾಡಬೇಡಿ. ಅಪ್‌ಡೇಟ್‌ನಲ್ಲಿ ಡೆಪ್ತ್ ಇನ್ಫಿನಿಟಿ ಕೊಟ್ಟು ಎಲ್ಲ ಫೈಲ್ ತರಿಸಿಕೊಳ್ಳಿ, 4650 ಮತ್ತೊಮ್ಮೆ ಮರ್ಜ್ ಮಾಡಿ. ಅವತ್ತು ಬಿಟ್ಟುಹೋದ ಭಾಗ ಮಾತ್ರ ಬರುತ್ತದೆ. ಅದರಲ್ಲಿ ಕೋಡ್ ಬದಲಾವಣೆ ಏನಾದರೂ ಕಂಡರೆ ರಿಲೀಸ್‌ಗೆ ಮುಂಚೆ ಟೆಸ್ಟ್ ಮಾಡಿಸಿ, ಅದು ಬ್ರಾಂಚಿನಲ್ಲಿ ಇಷ್ಟು ದಿನ ಇರಲೇ ಇಲ್ಲ.